ಫಿಸಿಕ್ಸ್ ಓದಿದವರು ಪ್ಯಾಕೆಟ್ ಎಣಿಸಲು ಕೂತಾಗ

1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಇಂಟರ್ನೆಟ್ ಸಂಪರ್ಕದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡರ ನಡುವೆ ಇದ್ದದ್ದು ಬರೀ 400 ಗಜ. ಒಂದು ಪುಟದ ಪತ್ರವನ್ನು ಕೈಯಲ್ಲಿ ಹಿಡಿದು ನಡೆದುಹೋಗಿದ್ದರೂ ಬೇಗ ತಲುಪುತ್ತಿತ್ತು.

ಇದರ ಬೆನ್ನು ಹತ್ತಿದ ಸಂಶೋಧಕ ವ್ಯಾನ್ ಜೇಕಬ್ಸನ್ 1988ರ ಪ್ರಬಂಧದಲ್ಲಿ ಹಿಡಿದದ್ದು ಫಿಸಿಕ್ಸಿನವರಿಗೆ ಚಿರಪರಿಚಿತವಾದ ಎಳೆಯನ್ನೇ: ಸಂರಕ್ಷಣೆ. ಹರಿವು ಸಮತೋಲದಲ್ಲಿದ್ದರೆ ಹಳೆಯ ಪ್ಯಾಕೆಟ್ (ದತ್ತಾಂಶದ ಒಂದು ತುಂಡು) ಹೊರಬೀಳದೆ ಹೊಸದು ಒಳಗೆ ಹೋಗಕೂಡದು. ಹಾಗಾದರೆ ಈ ನಿಯಮ ಮುರಿಯುವುದು ಎಲ್ಲಿ? ಒಂದು ಜಾಗವೆಂದರೆ, ಪ್ಯಾಕೆಟ್ ತಲುಪಿತೆಂಬ ಉತ್ತರಕ್ಕೆ ಕಾಯುವ ಗಡುವಿನ ಲೆಕ್ಕ. ಪ್ಯಾಕೆಟ್‌ಗಳು ಸರದಿ ಕಾಯುವ ಸಾಲಿನ ಮೇಲೆ ಹೊರೆ ಏರಿದಂತೆ ಸರಾಸರಿ ವಿಳಂಬದ ಜೊತೆಗೆ ಅದರ ಏರಿಳಿತವೂ ಹಿಗ್ಗುತ್ತದೆ. ಸರಾಸರಿಯ ಎರಡರಷ್ಟು ಕಾದರೆ ಸಾಕು ಎಂಬ ಆಗಿನ ಸೂತ್ರ ಸುಮಾರು 30% ಹೊರೆಯವರೆಗೆ ಮಾತ್ರ ತಡೆಯುತ್ತಿತ್ತು. ಅದರಾಚೆ, ಇನ್ನೂ ದಾರಿಯಲ್ಲಿರುವ ಪ್ಯಾಕೆಟ್ಟನ್ನೇ ಕಳೆದುಹೋಯಿತೆಂದು ಮತ್ತೆ ಕಳಿಸಿ, ತುಂಬಿದ ಸಾಲಿಗೆ ಇನ್ನಷ್ಟು ತುಂಬಿದಂತೆ. ಪ್ಯಾಕೆಟ್ ಕಳಿಸಿ, ತಲುಪಿತೇ ಎಂದು ನೋಡಿಕೊಳ್ಳುವ ಇಂಟರ್ನೆಟ್ ನಿಯಮಾವಳಿಯಾದ ಟಿಸಿಪಿ ಈಗ ಸರಾಸರಿಗೆ ಏರಿಳಿತದ ನಾಲ್ಕರಷ್ಟನ್ನು ಕೂಡಿಸಿಕೊಂಡು ಕಾಯುತ್ತದೆ.

ನೆಟ್‌ವರ್ಕ್ ಸಂಶೋಧಕ ಸ್ಕಾಟ್ ಶೆಂಕರ್ ಬಂದದ್ದೂ ಇದೇ ಫಿಸಿಕ್ಸಿನ ದಾರಿಯಲ್ಲಿ. ಷಿಕಾಗೋದಲ್ಲಿ 1983ರಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಪಿಎಚ್.ಡಿ., ಕೇಯಾಸ್ ಸಿದ್ಧಾಂತದ ಮೇಲೆ ಕೆಲಸ; 1989ರಲ್ಲಿ ಡೆಮರ್ಸ್ ಮತ್ತು ಕೇಶವ್ ಜೊತೆ ಸಾಲಿನಲ್ಲಿ ಎಲ್ಲರಿಗೂ ನ್ಯಾಯವಾದ ಪಾಲು ಹಂಚುವ ಫೇರ್ ಕ್ಯೂಯಿಂಗ್ ಬಗೆಗಿನ ಪ್ರಬಂಧ.

ಇವರ ಹೆಸರು ಹೇಳಿಕೊಂಡು ಫಿಸಿಕ್ಸಿನಿಂದ ನೆಟ್‌ವರ್ಕ್ ಸಂಶೋಧನೆಗೆ ಜಿಗಿಯುವವರು ಮೊದಲು ಮುಗ್ಗರಿಸುವುದು ಗಣಿತದಲ್ಲಲ್ಲ, ಉಪಕರಣದಲ್ಲಿ. ಲ್ಯಾಬಿನಲ್ಲಿ ಡಿಟೆಕ್ಟರನ್ನು ಕ್ಯಾಲಿಬ್ರೇಟ್ ಮಾಡದೆ ಒಂದು ಅಂಕಿಯನ್ನೂ ಬರೆಯದವರು ಇಲ್ಲಿ ಲಿನಕ್ಸ್ ಕೊಟ್ಟದ್ದನ್ನು ಹಾಗೇ ನಂಬಿಬಿಡುತ್ತಾರೆ. ಲಿನಕ್ಸ್‌ನಲ್ಲಿ ಕೃತಕ ವಿಳಂಬ ಹುಟ್ಟಿಸುವ ನೆಟ್‌ಎಮ್ ಬಳಸಿ 1 ಗಿಗಾಬಿಟ್ ಲಿಂಕಿಗೆ 100 ಮಿಲಿಸೆಕೆಂಡ್ ವಿಳಂಬ ಸೇರಿಸಿದ್ದೀರಿ ಎನ್ನಿ. ಆ ವಿಳಂಬದೊಳಗೆ ತೇಲುತ್ತಿರಬೇಕಾದ್ದು 12.5 ಮೆಗಾಬೈಟ್, ಅಂದರೆ 1500 ಬೈಟಿನ ಸುಮಾರು 8,300 ಪ್ಯಾಕೆಟ್. ನೆಟ್‌ಎಮ್ ಸಾಲಿನ ಡೀಫಾಲ್ಟ್ ಮಿತಿ 1000. ಉಳಿದದ್ದನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. ನೀವು ಅದನ್ನು ಟಿಸಿಪಿಯ ಗುಣವೆಂದು ಗ್ರಾಫ್ ಬಿಡಿಸುತ್ತೀರಿ. ಲಿಮಿಟ್ ಏರಿಸಿ, ಪ್ರತಿ ಓಟದ ನಂತರ ಡ್ರಾಪ್ ಎಣಿಕೆ ನೋಡಿ.

ಪ್ಯಾಕೆಟ್ ಸೆರೆಹಿಡಿಯುವ ಟಿಸಿಪಿಡಂಪ್‌ನಲ್ಲಿ 1500 ಬೈಟಿನ ಜಾಗದಲ್ಲಿ ಹತ್ತಾರು ಸಾವಿರ ಬೈಟಿನ ಪ್ಯಾಕೆಟ್ ಕಂಡರೆ ಗಾಬರಿ ಬೇಡ. ತುಂಡು ಮಾಡುವ ಕೆಲಸ ನೆಟ್‌ವರ್ಕ್ ಕಾರ್ಡಿನದು, ಸೆರೆಹಿಡಿದದ್ದು ಅದಕ್ಕೂ ಮೊದಲು. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಎಥ್‌ಟೂಲ್‌ನಿಂದ ಆಫ್‌ಲೋಡ್ (ಈ ಕೆಲಸವನ್ನು ಕಾರ್ಡಿಗೆ ಒಪ್ಪಿಸುವುದು) ನಿಲ್ಲಿಸಿ ಅಳೆಯಿರಿ. ಆಗ ಸಿಪಿಯು ಹೊರೆ ಏರುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಿ. ಎರಡು ಯಂತ್ರಗಳ ನಡುವೆ ಒಮ್ಮುಖ ವಿಳಂಬ ಮೈನಸ್ ಬಂದರೆ ಅದು ಹೊಸ ಭೌತಶಾಸ್ತ್ರವಲ್ಲ, ಗಡಿಯಾರಗಳು ಹೊಂದಿಲ್ಲ ಅಷ್ಟೆ.

ಎರಡನೆಯ ಮುಗ್ಗರಿಕೆ ಇನ್ನೂ ದೊಡ್ಡದು: ಎರಡೂ ಅಕ್ಷ ಲಾಗರಿದಮ್‌ನಲ್ಲಿರುವ ಲಾಗ್-ಲಾಗ್ ಹಾಳೆಯಲ್ಲಿ ನೇರ ಗೆರೆ ಕಂಡ ಕೂಡಲೇ ಸಾರ್ವತ್ರಿಕ ನಿಯಮ ಸಿಕ್ಕಿತು ಎನ್ನುವುದು. 1999ರಿಂದ ಇಂಟರ್ನೆಟ್ಟಿನ ನಕ್ಷೆಯಲ್ಲಿ ಪವರ್ ಲಾ (ಕೆಲವೇ ಬಿಂದುಗಳಿಗೆ ಅಪಾರ ಕೊಂಡಿ, ಉಳಿದವಕ್ಕೆ ಬೆರಳೆಣಿಕೆ; ಲಾಗ್-ಲಾಗ್‌ನಲ್ಲಿ ನೇರ ಗೆರೆ) ಇದೆ ಎಂಬ ಪ್ರಬಂಧಗಳು ಬಂದವು. ನಡುವಿನ ಕೆಲವು ದೊಡ್ಡ ಹಬ್ (ಅತಿ ಹೆಚ್ಚು ಕೊಂಡಿಯ ಬಿಂದು) ಹೊಡೆದರೆ ಎಲ್ಲ ಚೂರಾಗುತ್ತದೆ ಎಂಬ ತೀರ್ಮಾನವೂ ಬಂತು. 2004ರಲ್ಲಿ ಲೀ, ಆಲ್ಡರ್ಸನ್, ವಿಲಿಂಜರ್, ಡಾಯ್ಲ್ ತೋರಿಸಿದ್ದು ಸರಳ ಇಂಜಿನಿಯರಿಂಗ್: ಪ್ಯಾಕೆಟ್‌ಗೆ ದಾರಿ ತೋರುವ ಯಂತ್ರವಾದ ರೂಟರಿನ ಒಟ್ಟು ಸಾಮರ್ಥ್ಯಕ್ಕೆ ಮಿತಿಯಿದೆ. ಕೊಂಡಿ ಹೆಚ್ಚಾದಷ್ಟೂ ಒಂದೊಂದರ ವೇಗ ಕಡಿಮೆ. ಹಾಗಾಗಿ ಹೆಚ್ಚು ಕೊಂಡಿಯ ರೂಟರ್ ಗ್ರಾಹಕರ ಅಂಚಿನಲ್ಲಿರುತ್ತದೆ, ನಡುವೆ ಇರುವುದು ಕಡಿಮೆ ಕೊಂಡಿಯ, ವೇಗದ ರೂಟರ್‌ಗಳು. ಅದೇ ಪವರ್ ಲಾ, ಪೂರ್ತಿ ಬೇರೆ ಜಾಲ.

ದತ್ತಾಂಶವೂ ಅಷ್ಟು ಶುದ್ಧವಲ್ಲ. ಪ್ಯಾಕೆಟ್ ಹಾದುಹೋಗುವ ದಾರಿ ಪತ್ತೆಹಚ್ಚುವ ಟ್ರೇಸ್‌ರೂಟ್ ಎಣಿಸುವುದು ಇಂಟರ್‌ಫೇಸ್‌ಗಳನ್ನು (ರೂಟರಿನ ಒಂದೊಂದು ಸಂಪರ್ಕ ದ್ವಾರ), ರೂಟರುಗಳನ್ನಲ್ಲ. ದಾರಿ ಎರಡಾಗಿ ಕವಲೊಡೆದಲ್ಲಿ ಒಂದು ಪ್ಯಾಕೆಟ್ ಎಡಕ್ಕೆ, ಮುಂದಿನದು ಬಲಕ್ಕೆ ಹೋಗಿ, ಇಲ್ಲದ ಕೊಂಡಿಯೊಂದು ನಕ್ಷೆಯಲ್ಲಿ ಹುಟ್ಟುತ್ತದೆ. ಕವಲು ಆರಿಸುವಾಗ ರೂಟರ್ ನೋಡುವ ಹೆಡರ್ (ಪ್ಯಾಕೆಟ್ಟಿನ ವಿಳಾಸ ಭಾಗ) ಅಂಶಗಳನ್ನು ಬದಲಿಸದೆ ಕಳಿಸುವ ಪ್ಯಾರಿಸ್ ಟ್ರೇಸ್‌ರೂಟ್ ಇದಕ್ಕೆಂದೇ ಬಂದದ್ದು.

ಇನ್ನು ಪ್ರಕಟಣೆ. ಫಿಸಿಕ್ಸಿನಲ್ಲಿ ಜರ್ನಲ್ ದೊಡ್ಡದು. ನೆಟ್‌ವರ್ಕ್ ಸಂಶೋಧನೆಯಲ್ಲಿ ಸಿಗ್‌ಕಾಮ್, ಎನ್‌ಎಸ್‌ಡಿಐ, ಐಎಂಸಿ ಸಮ್ಮೇಳನಗಳೇ ಮುಖ್ಯ. ಸಮೀಕರಣ ಎಷ್ಟೇ ಚೆಂದವಿದ್ದರೂ ವಿಮರ್ಶಕರ ಮೊದಲ ಪ್ರಶ್ನೆ ‘ಇದನ್ನು ಕಟ್ಟಿ ಓಡಿಸಿದ್ದೀರಾ?’ ಎಂಬುದು.