ಹನ್ನೊಂದು ಜನರ ಮುಂಗಡ, ಇಡೀ ಫ್ಯಾಕ್ಟರಿಗೆ ಕಡಿತ

ಅಕ್ಟೋಬರ್ 6, ಬೆಳಿಗ್ಗೆ ಹನ್ನೊಂದೂವರೆ. ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಟೈಮ್ ಆಫೀಸಿನಿಂದ ಫೋನ್ ಬಂತು. ಅಲ್ಲಿನ ಪೇರೋಲ್, ಅಂದರೆ ಸಂಬಳದ ಲೆಕ್ಕ, ನಮ್ಮ ಸಾಫ್ಟ್‌ವೇರ್‌ನಲ್ಲೇ ನಡೆಯುತ್ತದೆ, ಆ ಮಾಡ್ಯೂಲ್ ನನ್ನದು.

"ಮೇಡಂ, ಟ್ರಯಲ್ ಪ್ರಿಂಟ್ ತಗ್ದೆ. ಗೌರಿ ಹಬ್ಬದ ಮುಂಗಡ ತಗೊಂಡಿರೋರು ಹನ್ನೊಂದೇ ಜನ. ಇಲ್ಲಿ ನೋಡುದ್ರೆ ಟೈಲರ್‌ಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ಕಟ್ಟಾಗದೆ. ಅದೂ ಒಬ್ಬೊಬ್ರಿಗೆ ಒಂದೊಂದು ಥರ."

"ಮೊದಲಿನ ಸಾಲುಗಳು ಸರಿ ಇದಾವಾ ಸಾರ್?"

"ಶುರುನಲ್ಲಿ ಸರಿ ಅವೆ. ಕೆಳಗೆ ಹೋಗ್ತಾ ಹೋಗ್ತಾ ಕೆಟ್ಟವೆ."

ಮೇಲೆ ಸರಿ, ಕೆಳಗೆ ತಪ್ಪು ಅಂದ ಕೂಡಲೇ ನನಗೆ ಉತ್ತರ ಸಿಕ್ಕಿಬಿಟ್ಟಿತು. ಎಕ್ಸೆಲ್‌ನಲ್ಲಿ ಯಾರೋ ಮುಂಗಡದ ಕಾಲಂನ ಮೂಲೆ ಹಿಡಿದು ಕೆಳಗೆ ಎಳೆದಿದ್ದಾರೆ, ಸಾವಿರ ರೂಪಾಯಿ ಎಲ್ಲರ ಮುಂದೆ ತುಂಬಿಕೊಂಡಿದೆ. ಇದು ಹೊಸದಲ್ಲ, ವರ್ಷಕ್ಕೆ ಎರಡು ಮೂರು ಸಲ ಯಾವುದೋ ಒಂದು ಫ್ಯಾಕ್ಟರಿಯಲ್ಲಿ ಆಗುತ್ತಲೇ ಇರುತ್ತದೆ. ಆದರೂ ಒಂದು ಸಲ ನೋಡಿಬಿಡೋಣ ಎಂದು ಹಿಂದಿನ ರಾತ್ರಿಯ ಡೇಟಾ ಹಾಕಿ, ಅವರು ಹೇಳಿದ ಒಬ್ಬ ಟೈಲರ್‌ನ ಎಂಪ್ಲಾಯಿ ನಂಬರ್ ಕೊಟ್ಟು ನನ್ನ ಲ್ಯಾಪ್‌ಟಾಪಿನಲ್ಲಿ ರನ್ ಮಾಡಿದೆ. ಮೂಲ ವೇತನ 13,500. ಪಿಎಫ್ 12 ಪರ್ಸೆಂಟ್, 1,620. ಇಎಸ್‌ಐ 0.75 ಪರ್ಸೆಂಟ್, ಮೇಲಕ್ಕೆ ರೌಂಡ್ ಆಗಿ 102. ಕೈಗೆ 11,778. ರೂಪಾಯಿಗೆ ರೂಪಾಯಿ ಸರಿ.

"ಸಾರ್, ನಮ್ಮ ಕಡೆ ಲೆಕ್ಕ ಸರಿಯಾಗಿದೆ. ನಿಮ್ಮ ಶೀಟ್‌ನಲ್ಲೇ ಕಾಲಂ ಎಳೆದುಹೋಗಿರಬೇಕು. ಒಂದ್ಸಲ ಪೂರ್ತಿ ಚೆಕ್ ಮಾಡಿಸಿ ಮತ್ತೆ ಅಪ್‌ಲೋಡ್ ಮಾಡಿ" ಎಂದೆ.

ಅವರು ವಾದ ಮಾಡಲಿಲ್ಲ. "ಆಯ್ತು ಮೇಡಂ" ಎಂದು ಇಬ್ಬರು ಹುಡುಗಿಯರನ್ನು ಕೂರಿಸಿ 640 ಸಾಲನ್ನೂ ಮುಂಗಡದ ರಿಜಿಸ್ಟರ್ ಜೊತೆ ಹೋಲಿಸಿ ನೋಡಿಸಿದರು. ಅವರಿಬ್ಬರು ಊಟಕ್ಕೆ ಎದ್ದಾಗ ಮೂರು ಗಂಟೆಯಾಗಿತ್ತಂತೆ.

ಫೋನ್ ಇಡುವ ಮೊದಲೇ ಅವರು ವಾಟ್ಸಾಪ್‌ನಲ್ಲಿ ಒಂದು ಸ್ಲಿಪ್ಪಿನ ಫೋಟೋ ಕಳಿಸಿದ್ದರು. ಅದನ್ನು ನಾನು ನೋಡಿದೆ. ನೋಡಿದೆ ಎಂದರೆ ತಳದಲ್ಲಿದ್ದ 8,778 ಎನ್ನುವ ಅಂಕಿಯ ಮೇಲೆ ಕಣ್ಣಾಡಿಸಿದೆ, ಅಷ್ಟೇ. ಮೇಲೆ ಕಡಿತಗಳ ಪಟ್ಟಿಯಲ್ಲಿ 'ಹಬ್ಬದ ಮುಂಗಡ 1,000' ಎನ್ನುವ ಸಾಲು ಒಂದರ ಕೆಳಗೊಂದು ಮೂರು ಸಲ ಇತ್ತು. ಎಕ್ಸೆಲ್ ಕಾಲಂ ಎಳೆದುಹೋದರೆ ಒಬ್ಬರಿಗೆ ಒಂದೇ ಸಾಲು ಬರಬೇಕು. ಮೂರು ಬರಲು ದಾರಿಯೇ ಇಲ್ಲ. "ಒಬ್ಬೊಬ್ರಿಗೆ ಒಂದೊಂದು ಥರ" ಎಂದು ಅವರು ಬಾಯಿಬಿಟ್ಟು ಹೇಳಿದ್ದರು. ಉತ್ತರ ಆಗಲೇ ಸಿಕ್ಕಿದೆ ಎಂದುಕೊಂಡಿದ್ದವಳಿಗೆ ಆ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಈ ಬರಹ ಬರೆಯಲು ಕಾರಣ ಆ ಫೋಟೋ. ಅದು ಇನ್ನೂ ನನ್ನ ಫೋನಿನಲ್ಲಿದೆ.

ಮೂರು ಮುಕ್ಕಾಲಿಗೆ ಮತ್ತೆ ಫೋನ್. "ಮೇಡಂ, ಶೀಟ್‌ನಲ್ಲಿ ಹನ್ನೊಂದೇ ಎಂಟ್ರಿ ಇರೋದು. ಅದನ್ನೇ ಮತ್ತೆ ಅಪ್‌ಲೋಡ್ ಮಾಡಿ ರನ್ ಕೊಟ್ವಿ. ಈಗ ಮೊದಲನೇ ಸಾಲಿನವ್ರಿಗೂ ಕಟ್ಟಾಗದೆ. ಬೆಳಿಗ್ಗೆ ಮೂರಿದ್ದೋರ್ಗೆ ಈಗ ಆರಾಗದೆ."

ಡೇಟಾ ಬದಲಾಗಿಲ್ಲ, ಕೋಡ್ ಬದಲಾಗಿಲ್ಲ, ಬಂದ ಲೆಕ್ಕ ಮಾತ್ರ ಬೇರೆ. ಕುಳಿತಲ್ಲೇ ಕೈ ತಣ್ಣಗಾಯಿತು. ಹಿಂದಿನ ರನ್ನಿನ ಗುರುತು ಎಲ್ಲೋ ಉಳಿದುಕೊಂಡಿದೆ ಎಂದರ್ಥ. ಡೇಟಾಬೇಸ್‌ನಲ್ಲಿ ಹುಡುಕಿದರೆ ಮುಂಗಡ ಹನ್ನೊಂದೇ. ಹಾಗಾದರೆ ಉಳಿದಿರುವುದು ಮೆಮೊರಿಯಲ್ಲಿ. ಮೆಮೊರಿಯಲ್ಲಿ ಏನನ್ನಾದರೂ ಉಳಿಸುವ ಕೆಲಸ ಮಾಡಿದ್ದು ಯಾರು ಎಂದು ಕೇಳಿಕೊಂಡರೆ, ನಾನೇ. ಮೂರೇ ದಿನದ ಹಿಂದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಪೇರೋಲ್ ರನ್ ನಿಧಾನ, ಹೊಸ ಗಿರಾಕಿಗೆ ಡೆಮೊ ಕೊಡುವಾಗ ಅವಮಾನವಾಗುತ್ತದೆ ಎಂದು ಮೇಲಿನವರು ಎರಡು ತಿಂಗಳಿಂದ ಬೆನ್ನು ಬಿದ್ದಿದ್ದರು. ಪ್ರತಿ ನೌಕರನಿಗೂ ಅವನ ಗ್ರೇಡ್‌ನ ಸಂಬಳದ ಟೆಂಪ್ಲೇಟನ್ನು, ಅಂದರೆ ಲೆಕ್ಕದ ಮಾದರಿಯನ್ನು, ಡೇಟಾಬೇಸ್‌ನಿಂದ ಹೊಸದಾಗಿ ಎತ್ತಿ ತರುತ್ತಿದ್ದೆವು. ಗ್ರೇಡ್ ಇರುವುದು ಏಳು, ತರುತ್ತಿದ್ದುದು 640 ಸಲ. ಅದನ್ನು ತರುವ ಫಂಕ್ಷನ್ನಿನ (ಕೋಡಿನ ತುಣುಕಿನ) ತಲೆಯ ಮೇಲೆ, ನಾವು ಬರೆಯುವ ಪೈಥಾನ್ ಭಾಷೆಯ ಎಲ್‌ಆರ್‌ಯು ಕ್ಯಾಶ್ ಎಂಬ ಒಂದೇ ಒಂದು ಸಾಲು ಸೇರಿಸಿದೆ; ಒಮ್ಮೆ ತಂದದ್ದನ್ನು ಅದು ಮೆಮೊರಿಯಲ್ಲಿ ಉಳಿಸಿಕೊಂಡು ಮತ್ತೆ ಮತ್ತೆ ಕೊಡುತ್ತದೆ. ಹನ್ನೊಂದು ನಿಮಿಷದ ರನ್ ಎರಡು ನಿಮಿಷಕ್ಕೆ ಇಳಿಯಿತು. ಮೀಟಿಂಗ್‌ನಲ್ಲಿ ಚಪ್ಪಾಳೆ ಬಿತ್ತು. ಸಂಬಳದ ವಾರದಲ್ಲಿ ರಿಲೀಸ್ ಬೇಡ, 10ನೇ ತಾರೀಖು ಕಳೆಯಲಿ ಎಂದು ನಾನು ಹೇಳಿದ್ದೆ ನಿಜ. ಡೆಮೊ 5ಕ್ಕೆ ಇದೆ ಎಂದರು, 3ಕ್ಕೆ ಬಿಟ್ಟೆವು. ಆದರೆ 10ರ ನಂತರ ಬಿಟ್ಟಿದ್ದರೂ ಮುಂದಿನ ತಿಂಗಳು ಇದೇ ಆಗುತ್ತಿತ್ತು. ಹಾಗಾಗಿ ಅದನ್ನು ಅವರ ತಲೆಗೆ ಕಟ್ಟುವುದಿಲ್ಲ.

ಟೆಂಪ್ಲೇಟ್ ಎನ್ನುವುದು ಒಂದು ಡಿಕ್ಷನರಿ, ಹೆಸರು ಹೇಳಿದರೆ ಅದರ ಮಾಹಿತಿ ಕೊಡುವ ಪೈಥಾನ್‌ನ ಪೆಟ್ಟಿಗೆ. ಅದರೊಳಗೆ ಕಡಿತಗಳ ಲಿಸ್ಟ್: ಪಿಎಫ್, ಇಎಸ್‌ಐ. ಕ್ಯಾಶ್ ಮಾಡಿದ ಫಂಕ್ಷನ್ ಪ್ರತಿ ಸಲವೂ ಒಂದು ನಕಲು ಕೊಡುತ್ತದೆ ಎಂದು ನಾನು ಯೋಚಿಸದೆಯೇ ನಂಬಿದ್ದೆ. ಅದು ಕೊಡುವುದು ಮೊದಲ ಸಲ ಹುಟ್ಟಿದ ಅದೇ ಡಿಕ್ಷನರಿಯನ್ನು, ಅದರೊಳಗಿನ ಅದೇ ಲಿಸ್ಟನ್ನು. ಇನ್ನೊಂದು ಫೈಲಿನಲ್ಲಿ, ನಾನು ಈ ಕಂಪನಿಗೆ ಸೇರುವ ಮೊದಲೇ ಯಾರೋ ಬರೆದ ಇನ್ನೊಂದು ಸಾಲಿತ್ತು: ಕಡಿತ ಪ್ಲಸ್ ಈಕ್ವಲ್ಸ್ ಮುಂಗಡ. 'ಕಡಿತ ಈಕ್ವಲ್ಸ್ ಕಡಿತ ಪ್ಲಸ್ ಮುಂಗಡ' ಎಂದು ಬರೆದಿದ್ದರೆ ಪೈಥಾನ್ ಹೊಸ ಲಿಸ್ಟ್ ಮಾಡಿ ಆ ಹೆಸರನ್ನು ಅದಕ್ಕೆ ಕೊಡುತ್ತಿತ್ತು. ಪ್ಲಸ್ ಈಕ್ವಲ್ಸ್ ಎಂದಾಗ ಲಿಸ್ಟ್‌ಗಳ ವಿಷಯದಲ್ಲಿ ಇದ್ದ ಲಿಸ್ಟಿಗೇ ಸೇರಿಸುತ್ತದೆ. ನೋಡಲು ಎರಡೂ ಒಂದೇ, ಸಂಖ್ಯೆಗಳಲ್ಲಿ ನಡತೆಯೂ ಒಂದೇ. ಲಿಸ್ಟ್ ಬಂದಾಗ ಎರಡರ ದಾರಿ ಬೇರೆಯಾಗುತ್ತದೆ.

ಆ ಹಳೆಯ ಸಾಲು ಇಷ್ಟು ವರ್ಷ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಪ್ರತಿಯೊಬ್ಬನಿಗೂ ಹೊಸ ಟೆಂಪ್ಲೇಟ್ ಬರುತ್ತಿತ್ತು, ಗೀಚಿದರೂ ಅವನದರ ಮೇಲೇ ಗೀಚುತ್ತಿತ್ತು. ನನ್ನ ಕ್ಯಾಶ್ ಸಾಲೂ ಓದುವವರು ಮಾತ್ರ ಇದ್ದಿದ್ದರೆ ನಿರಪಾಯ. ಎರಡು ಸಾಲು ಎರಡು ಫೈಲಿನಲ್ಲಿ, ಒಂದೊಂದೂ ತನ್ನಷ್ಟಕ್ಕೆ ಸರಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಮನೆಗೊಂದು ಹಾಳೆ ಇರುತ್ತದೆ. ನಾನು ಹಾಳೆ ಉಳಿಸಲು ಹೋಗಿ ಇಡೀ ಬೀದಿಗೆ ಒಂದೇ ಹಾಳೆ ಕೊಟ್ಟಿದ್ದೆ. ಒಬ್ಬರು ತಂದ ಸಕ್ಕರೆ ಅವರ ನಂತರ ಬಂದವರೆಲ್ಲರ ಲೆಕ್ಕಕ್ಕೆ ಬಿತ್ತು. ಒಬ್ಬೊಬ್ಬರಿಗೆ ಒಂದೊಂದು ಥರ ಏಕೆಂದರೆ ನಮ್ಮ ಸೆಲರಿ (Celery, ಕೆಲಸವನ್ನು ಹಂಚಿ ಹಿನ್ನೆಲೆಯಲ್ಲಿ ಓಡಿಸುವ ಸಾಫ್ಟ್‌ವೇರ್) ನಾಲ್ಕು ಪ್ರೊಸೆಸ್‌ನಲ್ಲಿ ಓಡುತ್ತದೆ, ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ತನ್ನದೇ ಹಾಳೆ. ಯಾವ ಟೈಲರ್ ಯಾವ ಪ್ರೊಸೆಸ್‌ಗೆ ಬಿದ್ದ, ಅವನಿಗಿಂತ ಮೊದಲು ಅಲ್ಲಿಗೆ ಮುಂಗಡದವರು ಎಷ್ಟು ಜನ ಬಂದಿದ್ದರು ಎಂಬುದರ ಮೇಲೆ ಕಡಿತ.

ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಬಂದದ್ದೂ ಇದೇ ಕಾರಣಕ್ಕೆ. ಹೊಸ ಪ್ರೊಸೆಸ್, ಒಬ್ಬನೇ ನೌಕರ. ಒಬ್ಬನನ್ನು ಮಾತ್ರ ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ, ಏಕೆಂದರೆ ಅದು ಇರುವುದು ಇಬ್ಬರ ನಡುವೆ. ನಮ್ಮ ಯೂನಿಟ್ ಟೆಸ್ಟ್‌ಗಳೆಲ್ಲ ಒಬ್ಬೊಬ್ಬ ನೌಕರನವು. ಎಲ್ಲವೂ ಹಸಿರು, ಅಂದರೆ ಪಾಸ್.

ಇಷ್ಟು ಅರ್ಥವಾದಾಗ ನಾಲ್ಕು ಗಂಟೆ ಹತ್ತು ನಿಮಿಷ. ಫ್ಯಾಕ್ಟರಿಯವರು ಆರರೊಳಗೆ ಬ್ಯಾಂಕ್ ಫೈಲ್ ಅಪ್‌ಲೋಡ್ ಮಾಡಬೇಕು. ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ 7ನೇ ತಾರೀಖು ಮುಗಿಯುವುದರೊಳಗೆ ಸಂಬಳ ಕೊಡಬೇಕು ಎನ್ನುವುದು 1936ರ ವೇತನ ಪಾವತಿ ಕಾಯ್ದೆಯಿಂದ ಬಂದ ರೂಢಿ. ಕಾಯ್ದೆ ಹಾಗಿರಲಿ, 7ಕ್ಕೆ ಮನೆ ಬಾಡಿಗೆ, ಚೀಟಿ ದುಡ್ಡು, ಸಂಘದ ಕಂತು ಇಟ್ಟುಕೊಂಡ ಹೆಂಗಸರು ಅಲ್ಲಿ ಐನೂರಕ್ಕೂ ಹೆಚ್ಚು.

ಅವಸರದಲ್ಲಿ ಟೆಂಪ್ಲೇಟಿಗೆ ನಕಲು ಮಾಡುವ ಡಾಟ್ ಕಾಪಿ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ರನ್ ಮಾಡಿದೆ, ಮತ್ತೆ ಅದೇ ಒಬ್ಬ ಟೈಲರ್, 11,778. ಒಬ್ಬನ ಟೆಸ್ಟ್ ಏನನ್ನೂ ಹೇಳುವುದಿಲ್ಲ ಎಂದು ಹತ್ತು ನಿಮಿಷದ ಹಿಂದಷ್ಟೇ ಕಂಡುಕೊಂಡಿದ್ದೆ. ಆದರೂ ಕೈ ಅದನ್ನೇ ಮಾಡಿತು. ಹಾಟ್‌ಫಿಕ್ಸ್ (ತುರ್ತು ತಿದ್ದುಪಡಿ) ಡಿಪ್ಲಾಯ್ ಮಾಡಿ "ಆಯ್ತು ಸಾರ್, ಈಗ ರನ್ ಕೊಡಿ" ಎಂದೆ. ನಾಲ್ಕು ನಲವತ್ತಕ್ಕೆ ಅವರ ಮಾತು: "ಬೆಳಿಗ್ಗೆ ಥರಾನೇ ಅದೆ ಮೇಡಂ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಡಾಟ್ ಕಾಪಿ ಹೊರಗಿನ ಡಿಕ್ಷನರಿಯನ್ನು ಮಾತ್ರ ಹೊಸದು ಮಾಡುತ್ತದೆ. ಒಳಗಿನ ಲಿಸ್ಟ್ ಅದೇ. ವಿಳಾಸಗಳ ಪುಸ್ತಕವನ್ನು ಇನ್ನೊಂದು ಪುಸ್ತಕಕ್ಕೆ ಇಳಿಸಿಕೊಂಡ ಹಾಗೆ: ಪುಸ್ತಕ ಎರಡು, ಮನೆಗಳು ಅವೇ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಂಟರ್‌ವ್ಯೂಗಳಲ್ಲಿ ಹುಡುಗರನ್ನು ನಾನೇ ಈ ಪ್ರಶ್ನೆ ಕೇಳಿದ್ದೇನೆ.

ಈ ಸಲ ಊಹೆಗೆ ಹೋಗಲಿಲ್ಲ. ಪ್ರತಿ ನೌಕರನ ಕಡಿತದ ಲಿಸ್ಟಿನ ಐಡಿಯನ್ನು (ಪೈಥಾನ್ ಅದಕ್ಕೆ ಕೊಡುವ ಗುರುತಿನ ಸಂಖ್ಯೆಯನ್ನು) ಪ್ರಿಂಟ್ ಮಾಡಿಸಿ ಪರೀಕ್ಷೆಗೆಂದೇ ಇರುವ ಸ್ಟೇಜಿಂಗ್‌ನಲ್ಲಿ ಪೂರ್ತಿ ಬ್ಯಾಚ್ ಓಡಿಸಿದೆ. ಟೈಲರ್ ಗ್ರೇಡ್‌ನಲ್ಲಿ 410 ಜನ. ಪರದೆಯ ಮೇಲೆ 410 ಸಾಲು ಉರುಳಿತು, ಇದ್ದ ಸಂಖ್ಯೆ ನಾಲ್ಕೇ ನಾಲ್ಕು. ಪ್ರೊಸೆಸ್‌ಗೆ ಒಂದರಂತೆ. ಪಕ್ಕದಲ್ಲಿ ನಿಂತಿದ್ದ ಜೂನಿಯರ್ ಹುಡುಗ ಮೆಲ್ಲಗೆ "ಮೇಡಂ, ಎಲ್ಲರದೂ ಒಂದೇ ಲಿಸ್ಟಾ?" ಎಂದ.

ಒಳಗಿನ ಲಿಸ್ಟನ್ನೂ ಹೊಸದು ಮಾಡುವ ಡೀಪ್‌ಕಾಪಿ ಹಾಕಿದೆ. ಮತ್ತೆ ಓಡಿಸಿದರೆ ಐಡಿಗಳು ಬೇರೆ ಬೇರೆ ಬಂದವು, ನಡುನಡುವೆ ಹಳೆಯ ಸಂಖ್ಯೆ ಮರುಕಳಿಸುತ್ತಲೂ ಇತ್ತು. ಎದೆ ಧಸಕ್ಕೆಂದಿತು. ಐದು ಗಂಟೆ ಐದು ನಿಮಿಷ. ಇದೂ ಕೆಲಸ ಮಾಡಲಿಲ್ಲವೇ? ಸಿಪೈಥಾನ್‌ನಲ್ಲಿ (ಪೈಥಾನ್‌ನ ಸಾಮಾನ್ಯ ರೂಪ) ಐಡಿ ಎಂದರೆ ಮೆಮೊರಿ ವಿಳಾಸ. ಒಬ್ಬನ ಲೆಕ್ಕ ಮುಗಿದು ಅವನ ಲಿಸ್ಟ್ ಅಳಿದ ಮೇಲೆ ಅದೇ ಜಾಗ ಮುಂದಿನವನ ಹೊಸ ಲಿಸ್ಟಿಗೆ ಸಿಗಬಹುದು. ಆ ಕ್ಷಣದಲ್ಲಿ ಇದು ತಲೆಗೆ ಹೊಳೆಯಲು ಎರಡು ನಿಮಿಷ ಬೇಕಾಯಿತು, ಆ ಎರಡು ನಿಮಿಷ ಬಹಳ ಉದ್ದ. ಐಡಿ ಬಿಟ್ಟು ಲಿಸ್ಟಿನ ಉದ್ದ ಪ್ರಿಂಟ್ ಮಾಡಿದೆ. ಮುಂಗಡ ತೆಗೆದುಕೊಂಡವರಿಗೆ ಮೂರು, ಉಳಿದವರಿಗೆಲ್ಲ ಎರಡು. ಬ್ಯಾಚನ್ನು ನಿಲ್ಲಿಸದೆ ಇನ್ನೊಮ್ಮೆ, ಮತ್ತೊಮ್ಮೆ ಓಡಿಸಿದೆ. ಬದಲಾಗಲಿಲ್ಲ. ರಿಪೋರ್ಟಿನಲ್ಲಿ ಮುಂಗಡ ವಸೂಲಿಯ ಮೊತ್ತ 11,000. ಬೆಳಿಗ್ಗೆ ಆ ಜಾಗದಲ್ಲಿ ಐದು ಲಕ್ಷ ದಾಟಿದ ಅಂಕಿ ಇತ್ತು. ಆ ಒಂದು ಮೊತ್ತವನ್ನು ಹನ್ನೊಂದೂವರೆಗೆ ನೋಡಿದ್ದರೆ ಸಾಕಿತ್ತು.

ಐದು ನಲವತ್ತಕ್ಕೆ ಬ್ಯಾಂಕ್ ಫೈಲ್ ಹೋಯಿತು.

ಮರುದಿನ ಇದೇ ಥರದ ತಪ್ಪಿಗಾಗಿ ಇಡೀ ಕೋಡನ್ನು ಜಾಲಾಡಿದೆವು. ಹಾಜರಾತಿಯ ಗ್ರಿಡ್ಡಿನಲ್ಲಿ 31 ದಿನದ ಒಂದು ಸಾಲನ್ನು ನೌಕರರ ಸಂಖ್ಯೆಯಿಂದ ಗುಣಿಸಿ ಮಾಡಿದ ಲಿಸ್ಟ್ ಸಿಕ್ಕಿತು. ಅಲ್ಲಿ ಒಬ್ಬಳ ಭಾನುವಾರ ಗುರುತು ಮಾಡಿದರೆ ಎಲ್ಲರಿಗೂ ಆಗುತ್ತದೆ. ಪುಣ್ಯಕ್ಕೆ ಆ ಸ್ಕ್ರೀನ್ ಬಳಕೆಯಲ್ಲಿ ಇರಲಿಲ್ಲ. ಶಿಫ್ಟ್‌ಗಳಿಗೆ, ಎಲ್ಲ ಹೆಸರಿಗೂ ಒಂದೇ ಮೌಲ್ಯ ಹಚ್ಚುವ ಡಿಕ್ಟ್ ಫ್ರಮ್‌ಕೀಸ್‌ನಲ್ಲಿ ಖಾಲಿ ಲಿಸ್ಟ್ ಕೊಟ್ಟದ್ದು ಒಂದು ಕಡೆ: ಮೂರು ಶಿಫ್ಟಿಗೂ ಒಂದೇ ಲಿಸ್ಟ್. ಫಂಕ್ಷನ್ನಿನ ಡಿಫಾಲ್ಟ್ ಆರ್ಗ್ಯುಮೆಂಟಿನಲ್ಲಿ ಖಾಲಿ ಲಿಸ್ಟ್ ಇಡುವ ಇದೇ ಜಾತಿಯ ತಪ್ಪನ್ನು ಕೋಡ್ ಓದಿ ತಪ್ಪು ಹುಡುಕುವ ಲಿಂಟರ್ ಹಿಡಿಯುತ್ತದೆ, ಡೇಟಾ ಇಡಲೆಂದೇ ಇರುವ ಪೈಥಾನ್‌ನ ಡೇಟಾಕ್ಲಾಸ್ ಅಂತೂ ಕ್ಲಾಸ್ ಬರೆಯುವಾಗಲೇ ವ್ಯಾಲ್ಯೂ ಎರರ್ ಕೊಟ್ಟು ನಿಲ್ಲಿಸುತ್ತದೆ. ಕ್ಯಾಶ್‌ನಿಂದ ಬಂದದ್ದನ್ನು ಯಾರೋ ತಿದ್ದುತ್ತಿದ್ದಾರೆ ಎಂದು ಹೇಳುವ ಸಾಧನ ನಮ್ಮ ಬಳಿ ಯಾವುದೂ ಇರಲಿಲ್ಲ. ಟೆಂಪ್ಲೇಟನ್ನು ಫ್ರೋಜನ್ (ತಿದ್ದಲು ಬಿಡದ) ಡೇಟಾಕ್ಲಾಸ್ ಮಾಡಿದೆವು. ಫ್ರೋಜನ್ ಎಂದ ಮಾತ್ರಕ್ಕೆ ಒಳಗಿನ ಲಿಸ್ಟ್ ಗಟ್ಟಿಯಾಗುವುದಿಲ್ಲ, ಅಪೆಂಡ್ (ಕೊನೆಗೆ ಸೇರಿಸುವುದು) ಸಲೀಸಾಗಿ ನಡೆಯುತ್ತದೆ. ಹಾಗಾಗಿ ಕಡಿತಗಳನ್ನು ಟ್ಯೂಪಲ್, ಅಂದರೆ ತಿದ್ದಲಾಗದ ಪಟ್ಟಿ, ಮಾಡಿದೆವು. ಈಗ ಅದೇ ಪ್ಲಸ್ ಈಕ್ವಲ್ಸ್ ಸಾಲು ತಾನಾಗಿ ಹೊಸ ಟ್ಯೂಪಲ್ ಕಟ್ಟುತ್ತದೆ, ಹಳೆಯದನ್ನು ಮುಟ್ಟಲು ಆಗುವುದೇ ಇಲ್ಲ. ಒಂದು ಟೆಸ್ಟ್ ಬರೆದೆ: ಇಡೀ ಬ್ಯಾಚನ್ನು ಒಂದೇ ಪ್ರೊಸೆಸ್‌ನಲ್ಲಿ ಎರಡು ಸಲ, ಎರಡನೇ ಸಲ ನೌಕರರ ಕ್ರಮ ತಿರುಗಿಸಿ ಓಡಿಸಿ, ಪ್ರತಿ ಸ್ಲಿಪ್ಪನ್ನೂ ಹೋಲಿಸುವುದು. ಅದು ಪ್ರತಿ ರಾತ್ರಿ ಓಡುತ್ತದೆ. ಪೇರೋಲ್ ಬರೆಯುವ ಯಾರಿಗಾದರೂ ಒಂದೇ ಟೆಸ್ಟ್ ಹೇಳಿಕೊಡು ಎಂದರೆ ನಾನು ಹೇಳುವುದು ಅದನ್ನೇ.

ಆ ಶನಿವಾರ ಬಸ್ ಹತ್ತಿ ಮದ್ದೂರಿಗೆ ಹೋದೆ. ಟೈಮ್ ಆಫೀಸಿನ ಟೇಬಲ್ ಮೇಲೆ ಆ ದಿನ ಚೆಕ್ ಮಾಡಿದ ಶೀಟಿನ ಪ್ರಿಂಟ್ ಇನ್ನೂ ಇತ್ತು. 640 ಸಾಲು, ಪ್ರತಿ ಸಾಲಿನ ಪಕ್ಕ ಪೆನ್ಸಿಲ್ಲಿನ ಒಂದು ಸಣ್ಣ ಟಿಕ್. ಹನ್ನೊಂದು ಕಡೆ ಮಾತ್ರ ಸುತ್ತು ಹಾಕಿ ರಿಜಿಸ್ಟರಿನ ಪುಟದ ನಂಬರ್ ಬರೆದಿದ್ದರು. ಒಂದೂ ತಪ್ಪಿರಲಿಲ್ಲ. ತಪ್ಪು ನನ್ನದು, ನಿಮ್ಮ ಶೀಟಿನದಲ್ಲ ಎಂದು ಆ ಇಬ್ಬರು ಹುಡುಗಿಯರಿಗೂ ಹೇಳಿದೆ. ಚಿಕ್ಕವಳು ಒಂದು ಕ್ಷಣ ಸುಮ್ಮನಿದ್ದು, "ಅದನ್ನೇ ನಮ್ ಮ್ಯಾನೇಜರ್ ಹತ್ರಾನೂ ಒಂದ್ ಮಾತು ಹೇಳ್ಬಿಡ್ತೀರಾ ಮೇಡಂ? ಅವತ್ತು ನಮ್ಗೆ ಬೈದವ್ರೆ" ಎಂದಳು.

ಅವಳ ಜೊತೆಯಲ್ಲೇ ಮ್ಯಾನೇಜರ್ ರೂಮಿಗೆ ಹೋಗಿ ಹೇಳಿ ಬಂದೆ.