ಲಿಸ್ಬನ್ ಮೇಲೆ ಹಾಯ್ದು ಗೇರುಸೊಪ್ಪೆಗೆ

ಲಿಸ್ಬನ್ನಿನ ಬೆಲೆಂ ಎಂಬಲ್ಲಿ ಜೆರೊನಿಮಸ್ ಮಠ ಅಂತ ಒಂದು ಭಾರೀ ಕಟ್ಟಡ ಇದೆ. 1501ರಲ್ಲಿ ಕಟ್ಟಲು ಶುರು ಮಾಡಿದ್ದು. ಆಫ್ರಿಕಾದಿಂದ, ಪೂರ್ವ ದೇಶಗಳಿಂದ ಬರುವ ಸರಕಿನ ಮೇಲೆ ಪೋರ್ಚುಗಲ್ ದೊರೆ ಶೇ. 5ರಷ್ಟು ತೆರಿಗೆ ಹಾಕಿದ್ದ. ಆ ದುಡ್ಡಿನಲ್ಲಿ ಎದ್ದ ಗೋಡೆಗಳಿವು. ತೆರಿಗೆಗೆ ಹೆಸರು 'ವಿಂಟೇನಾ ದ ಪಿಮೆಂಟಾ', ಅಂದರೆ ಮೆಣಸಿನ ತೆರಿಗೆ. ಒಳಗೆ ವಾಸ್ಕೋ ಡ ಗಾಮನ ಸಮಾಧಿ. ಹೊರಗೆ ಯಾವಾಗ ಹೋದರೂ ಉದ್ದ ಕ್ಯೂ. ನಾನು ಕೆಲಸಕ್ಕೆ ಅಂತ ಆ ಊರು ಸೇರಿದ ಮೇಲೆ ಭಾರತದಿಂದ ಯಾರೇ ಬಂದರೂ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬಂತು.

ನಾನು ಸಿರಸಿ ಕಡೆಯವಳು. ನಮ್ಮ ತೋಟದಲ್ಲಿ ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ. ಜನವರಿ ಬಂತೆಂದರೆ ಅಂಗಳದಲ್ಲಿ ಹಸಿರು ಕಾಳು ಒಣಗಿ ಕಪ್ಪಾಗುತ್ತಾ ಬಿದ್ದಿರುತ್ತದೆ. ಹೀಗಿರುವಾಗ ಆ ಮಠದ ಕೆತ್ತನೆ ಕಂಬಗಳ ನಡುವೆ ನಿಂತಾಗ ಒಂದು ಪ್ರಶ್ನೆ ಸುಮ್ನೆ ಬಿಡುವುದಿಲ್ಲ. ಇಷ್ಟು ಮೆಣಸು ಹಡಗು ಹತ್ತಿದ್ದು ಎಲ್ಲಿಂದ? ಎಲ್ಲರೂ ಕೇರಳ ಅನ್ನುತ್ತಾರೆ. ಕೇರಳದಿಂದ ಹೋಗಿದ್ದೇ ಜಾಸ್ತಿ, ಅದು ಸರಿ. ಆದರೆ ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿ ಆಳಿದ್ದು ನಮ್ಮ ಗೇರುಸೊಪ್ಪೆಯಲ್ಲಿ. ನಮ್ಮ ಮನೆಯಿಂದ ಅರ್ಧ ದಿನದ ದಾರಿಯೂ ಅಲ್ಲ. ಜೋಗಕ್ಕೆ ಹೋಗುವಾಗ, ಹೊನ್ನಾವರಕ್ಕೆ ಮದುವೆಗೆ ಹೋಗುವಾಗ ನಮ್ಮ ಮನೆಯವರೆಲ್ಲ ಆ ಊರಿನ ಬೋರ್ಡ್ ದಾಟಿಕೊಂಡು ಹೋಗುವವರೇ. ಇಳಿದವರಿಲ್ಲ.

ಹೊರದೇಶದಲ್ಲಿ ಇದ್ದರೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಶನಿವಾರ ಬೆಳಿಗ್ಗೆ ರೈಲು ಹತ್ತಿ ಯಾವುದೋ ಸಣ್ಣ ಊರಿಗೆ ಹೋಗುವುದು. ಲಿಸ್ಬನ್ ಹತ್ತಿರದ ಸಿಂತ್ರಾದಲ್ಲಿ ಪ್ರವಾಸಿಗರು ತುಂಬಿ ಕಾಲಿಡಲು ಜಾಗ ಇರುವುದಿಲ್ಲ. ಹಾಗಾಗಿ ತೊಮಾರ್ ತರಹದ ಊರಿಗೆ ಹೋಗಿ, ಹಳೆ ಕ್ರೈಸ್ತ ಮಠದ ಕಲ್ಲಿನ ಕಿಟಕಿಯಲ್ಲಿ ಹಡಗಿನ ಹಗ್ಗ ಕೆತ್ತಿದ್ದನ್ನು ನೋಡುತ್ತಾ ನಿಲ್ಲುವುದು. ಬುತ್ತಿ ಕಟ್ಟಿಕೊಂಡು, ಮ್ಯಾಪ್ ನೋಡಿಕೊಂಡು, ಯಾರೂ ಹೇಳದ ಜಾಗ ಹುಡುಕುವುದು. ಈ ಸಲ ಜನವರಿಯಲ್ಲಿ ರಜೆಗೆ ಬಂದಾಗ ಅದನ್ನೇ ಊರಿನಲ್ಲಿ ಮಾಡೋಣ ಅನಿಸಿತು. ಚಿಕ್ಕಪ್ಪನ ಹತ್ತಿರ ಕಾರು ಕೇಳಿದೆ. ಕಾರಿನ ಜೊತೆ ಅವನೂ ಬಂದ.

"ಅಲ್ಲಿ ಎಂತ ಇದ್ದು ಕೂಸೇ? ನಾಕು ಕಲ್ಲು, ಒಂದು ಬಸ್ತಿ. ಅದಕ್ಕೆ ಲಿಸ್ಬನ್ನಿಂದ ಬರಕ್ಕಾತ?" ಅಂತ ಸಿದ್ದಾಪುರ ಬರುವವರೆಗೂ ಕಾಡಿದ. ಆದರೆ ಹಿಂದಿನ ಸೀಟಿನಲ್ಲಿ ಅವನ ಟೋಪಿ, ಕತ್ತಿ, ನೀರಿನ ಕ್ಯಾನು ಎಲ್ಲ ಆಗಲೇ ಕೂತಿದ್ದವು.

ಸಿದ್ದಾಪುರದಿಂದ ಮಾವಿನಗುಂಡಿ ಮುಟ್ಟಿ, ಬಲಕ್ಕೆ ಹೊರಳಿ ಮಲೆಮನೆ ಘಟ್ಟ ಇಳಿಯುವ ದಾರಿ. ಬಹಳ ಜನ ಇಲ್ಲಿ ಕಾರು ನಿಲ್ಲಿಸುವುದು ವಾಂತಿ ಬಂದರೆ ಮಾತ್ರ. ತಿರುವುಗಳು ಹಾಗಿವೆ. ಆದರೆ ಈ ಘಟ್ಟದ ಪಕ್ಕದಲ್ಲೇ ಕತ್ತಲೆಕಾನು ಇದೆ. ಉತ್ತರ ಕನ್ನಡದಲ್ಲಿ ನೋಡಲೇಬೇಕಾದ ಕಾಡು ಒಂದೇ ಹೇಳು ಎಂದರೆ ನಾನು ಇನ್ನು ಮೇಲೆ ಇದನ್ನೇ ಹೇಳುತ್ತೇನೆ. ಸುತ್ತಲಿನ ಕಾಡು ಸಿಂಗಳೀಕಗಳಿಗಾಗಿ ಕಾದಿಟ್ಟ ಅಭಯಾರಣ್ಯ. ಹಾಗಾಗಿ ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ನಾವು ಮೊದಲೇ ಕೇಳಿಕೊಂಡಿದ್ದೆವು. ಇಲಾಖೆಯ ವಾಚರ್ ಒಬ್ಬರು ಜೊತೆಗೆ ಬಂದರು.

ಹೊರಗೆ ಹತ್ತೂವರೆಯ ಬಿಸಿಲು. ಒಳಗೆ ಮೊಬೈಲ್ ಕ್ಯಾಮೆರಾ ತಾನಾಗಿ ರಾತ್ರಿ ಮೋಡ್‌ಗೆ ಹೋಯಿತು! ನೆಲದಲ್ಲಿ ಸಣ್ಣ ಹಳ್ಳ, ಅದರ ಅಕ್ಕಪಕ್ಕ ಕೆಸರು. ಜನವರಿಯಲ್ಲೂ ಆರುವುದಿಲ್ಲ. ಇದನ್ನು ರಾಮಪತ್ರೆ ಜಡ್ಡಿ ಅನ್ನುತ್ತಾರೆ. ರಾಮಪತ್ರೆ ಜಾಯಿಕಾಯಿಯ ಜಾತಿಯ ಮರ. ಸದಾ ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೇ ಬೇರುಗಳು ಮಣ್ಣಿನಿಂದ ಮೇಲೆದ್ದು, ಮಡಚಿದ ಮಂಡಿಯ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಕಾಲಿಡಲು ಹೋದರೆ ಎಲ್ಲ ಕಡೆ ಮಂಡಿಗಳೇ. ಕೆಲವು ಮರಗಳಿಗೆ ಕಾಂಡದ ಸುತ್ತ ಎತ್ತರದಿಂದಲೇ ಇಳಿದು ಊರಿಕೊಂಡ ಬೇರುಗಳು. ಇಂಥ ಜಡ್ಡಿಗಳು ಪಶ್ಚಿಮ ಘಟ್ಟದಲ್ಲಿ ಬಹಳ ಕಡಿಮೆ ಉಳಿದಿವೆ. ಒಂದು ಕಾಲಕ್ಕೆ ಇಂಥ ತಗ್ಗುಗಳನ್ನು ಗದ್ದೆ, ತೋಟ ಮಾಡಿದ್ದು ನಮ್ಮಂಥ ಮನೆತನಗಳೇ. ವರ್ಷಪೂರ್ತಿ ನೀರಿರುವ ಜಾಗವನ್ನು ಅಡಿಕೆ ಬೆಳೆಯುವವರು ಬಿಡುತ್ತಾರಾ?

ಗೇರಿನ ಬಳಗಕ್ಕೆ ಸೇರಿದ ಒಂದು ಮರ ಇಲ್ಲಿ ಸಿಕ್ಕಿತು ಅಂತ 2000ದಲ್ಲಿ ಅದಕ್ಕೆ 'ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಹೆಸರಿಟ್ಟರು. ಸಿದ್ದಾಪುರ ತಾಲ್ಲೂಕಿನ ಒಂದು ಕಾನಿನ (ದಟ್ಟ ಕಾಡಿನ) ಹೆಸರು ಹೀಗೆ ಲ್ಯಾಟಿನ್ ಸೇರಿತು. ವಾಚರ್‌ಗೆ ಈ ಹೆಸರು ಪೂರ್ತಿ ಬಾಯಿಗೆ ಬರುತ್ತಿತ್ತು. ನನಗೆ ಅಲ್ಲೇ ಮೂರು ಸಲ ಹೇಳಿಸಿದರು. ಸಿಂಗಳೀಕ ಕಾಣಲಿಲ್ಲ, ಕೂಗು ಮಾತ್ರ ಕೇಳಿತು.

ಚಿಕ್ಕಪ್ಪನ ಕಣ್ಣು ಬೇರೆಯೇ ಕಡೆ ಇತ್ತು. ಒಂದು ದೊಡ್ಡ ಮರಕ್ಕೆ ಹಬ್ಬಿದ ಕಾಡುಮೆಣಸಿನ ಬಳ್ಳಿ. ಎಲೆ ಮುರಿದು ಮೂಸಿ, "ಇದು ನಮ್ಮದ್ರ ಅಜ್ಜ" ಅಂದ. ಸುಳ್ಳಲ್ಲ. ಹಿಂದೆ ಮೆಣಸು ಅಂದರೆ ತೋಟದ ಬೆಳೆ ಮಾತ್ರ ಆಗಿರಲಿಲ್ಲ. ಕಾನುಗಳಲ್ಲಿ ತಾನಾಗಿ ಬೆಳೆದ ಬಳ್ಳಿಯನ್ನು ಜನ ಸುತ್ತಲಿನ ಪೊದೆ ಕಡಿದು ಕಾಪಾಡಿಕೊಂಡು, ಕೊಯ್ದು ಮಾರುತ್ತಿದ್ದರು. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಕೂಡ ಅದನ್ನು ಬರೆದಿಟ್ಟಿದ್ದಾನೆ. ಕಾನಿನಿಂದ ಹೊತ್ತು, ಘಟ್ಟ ಇಳಿಸಿ, ಹೊಳೆಯಲ್ಲಿ ದೋಣಿಗೆ ಹಾಕಿದರೆ ಹೊನ್ನಾವರದ ಬಂದರು. ಗೇರುಸೊಪ್ಪೆ ಇದ್ದದ್ದು ಸರಿಯಾಗಿ ಆ ಕೂಡುವ ಜಾಗದಲ್ಲಿ. ಮೇಲೆ ಮೆಣಸಿನ ಕಾಡು, ಕೆಳಗೆ ದೋಣಿ ಓಡುವ ಶರಾವತಿ. ರಾಜ್ಯ ಕಟ್ಟಲು ಇನ್ನೇನು ಬೇಕು?

ಈಗಿನ ಗೇರುಸೊಪ್ಪೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಕರೆಂಟಿನ ಅಣೆಕಟ್ಟು. ಹಳೆ ಪಟ್ಟಣ ಇದ್ದದ್ದು ನಗರಬಸ್ತಿಕೇರಿಯಲ್ಲಿ. ದಾರಿ ಕೇಳಿದರೆ ಎಲ್ಲರೂ ಹೇಳುತ್ತಾರೆ. ಕಾಡಿನ ನಡುವೆ ನಡೆದು ಹೋದರೆ ಮರಗಳ ಸಂದಿಯಲ್ಲಿ ಒಮ್ಮೆಲೇ ಚತುರ್ಮುಖ ಬಸದಿ ಎದುರಾಗುತ್ತದೆ.

ಇಷ್ಟು ದೊಡ್ಡದಿರುತ್ತದೆ ಅಂತ ನಾನು ಎಣಿಸಿರಲಿಲ್ಲ. ಬೂದು ಬಣ್ಣದ ಕಲ್ಲು, ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಯಾವ ಕಡೆಯಿಂದ ಒಳಗೆ ಹೋದರೂ ಎದುರಿಗೆ ಒಬ್ಬ ತೀರ್ಥಂಕರ ಕೂತಿರುತ್ತಾನೆ. ನಡುವಿನ ಗರ್ಭಗುಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ನಾಲ್ಕು ಮೂರ್ತಿಗಳು. ಹಿಂದೆ ಮುಂದೆ ಅನ್ನುವುದೇ ಇಲ್ಲದ ಕಟ್ಟಡ. ಚಿಕ್ಕಪ್ಪ ಒಂದು ಬಾಗಿಲಲ್ಲಿ ಒಳಹೊಕ್ಕು ಇನ್ನೊಂದರಲ್ಲಿ ಹೊರಬಂದು, ಚಪ್ಪಲಿ ಬಿಟ್ಟ ಬಾಗಿಲು ಯಾವುದು ಅಂತ ಸುತ್ತು ಹಾಕಿದ. ಸುತ್ತಮುತ್ತ ಇನ್ನೂ ಬಸದಿಗಳಿವೆ. ಪಾರ್ಶ್ವನಾಥನದ್ದು, ವರ್ಧಮಾನನದ್ದು, ಜೊತೆಗೆ ಒಂದು ವೀರಭದ್ರ ದೇವಸ್ಥಾನ. ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದೆ. ನಾವು ಇದ್ದಷ್ಟು ಹೊತ್ತು ಬೇರೆ ಯಾರೂ ಬರಲಿಲ್ಲ. ಬೆಲೆಂನ ಕ್ಯೂ ನೆನಪಾಯಿತು. ಅದೇ ಮೆಣಸಿನ ಎರಡು ತುದಿ ಇವು. ಆ ತುದಿಗೆ ಟಿಕೆಟ್ಟು, ಗೈಡು, ಸೆಲ್ಫಿ. ಈ ತುದಿಗೆ ಹಲಸಿನ ಎಲೆ ಗುಡಿಸುವ ಒಬ್ಬರು ಅಮ್ಮ. "ಮಳೆಗಾಲದಲ್ಲಿ ಬರ್ಬೇಡಿ ಅಕ್ಕ, ಉಂಬಳ (ಜಿಗಣೆ) ಹತ್ತಿ ಸಾಕಾಗ್ತದೆ" ಅಂತ ಅವರು ತಾವಾಗಿ ಹೇಳಿದರು.

ಚೆನ್ನಭೈರಾದೇವಿ ಇಲ್ಲಿ ಆಳಿದ್ದು 1552ರಿಂದ 1606ರವರೆಗೆ. 54 ವರ್ಷ. ಒಂದು ಕಡೆ ಸಮುದ್ರದಿಂದ ಪೋರ್ಚುಗೀಸರು, ಇನ್ನೊಂದು ಕಡೆ ಘಟ್ಟದ ಮೇಲಿಂದ ಕೆಳದಿಯವರು, ಬಿಳಗಿಯವರು. ಪೋರ್ಚುಗೀಸರ ಜೊತೆ ಆಕೆ ಜಗಳವನ್ನೂ ಮಾಡಿದಳು, ವ್ಯಾಪಾರವನ್ನೂ ಮಾಡಿದಳು. ಕೊನೆಗೆ ಸೋಲಿಸಿದ್ದು ಅವರಲ್ಲ, ಕೆಳದಿಯ ವೆಂಕಟಪ್ಪ ನಾಯಕ. ಆಕೆ ಇಕ್ಕೇರಿಯಲ್ಲಿ ಸೆರೆಯಲ್ಲೇ ತೀರಿಕೊಂಡಳು ಎನ್ನುತ್ತಾರೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಈ ದಾರಿಯಲ್ಲಿ ಇಕ್ಕೇರಿಗೆ ಹೋದಾಗ ಪಟ್ಟಣವೂ ಅರಮನೆಯೂ ಹಾಳಾಗಿ, ಮೇಲೆ ಮರ ಬೆಳೆದಿದ್ದವು ಅಂತ ಬರೆದ. ಸೋತು ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ! ನಮ್ಮ ಕಡೆಯ ಕಾಡಿನ ಅವಸರ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಒಂದು ಮಳೆಗಾಲ ಬಿಟ್ಟರೆ ತೋಟದ ದಾರಿಯೇ ಮುಚ್ಚಿಹೋಗುತ್ತದೆ.

ಅಲ್ಲಿಂದ ಹೊನ್ನಾವರದವರೆಗೆ ಶರಾವತಿಯ ಪಕ್ಕದ ರಸ್ತೆ ಚೆಂದ. ಹೊನ್ನಾವರವನ್ನು ಪೋರ್ಚುಗೀಸರು 1505ರಲ್ಲಿ ಸುಟ್ಟರು, 1569ರಲ್ಲಿ ಗೆದ್ದು ಕೋಟೆ ಇಟ್ಟುಕೊಂಡರು. ಈಗ ಊರಿನಲ್ಲಿ ಅದನ್ನು ನೆನಪಿಸುವಂಥದ್ದು ನನಗೇನೂ ಕಾಣಲಿಲ್ಲ. ಕಾಸರಕೋಡಿನ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆ ಹಾಸಿದ ನಡಿಗೆ ದಾರಿ ಮಾಡಿದ್ದಾರೆ. ಇಳಿತದ ಹೊತ್ತಿಗೆ ಹೋದರೆ ಕೆಸರಲ್ಲಿ ಏಡಿಗಳ ಓಡಾಟ ನೋಡಬಹುದು. ಕುಮಟಾದಲ್ಲಿ ಬನ್ಸ್ ತಿಂದೆವು. ಚಿಕ್ಕಪ್ಪ ಪ್ಲೇಟಿನ ಮೇಲೆ ಪ್ಲೇಟು ಹೇಳಿದ. ಆಗ ಅವನ ಪ್ರವಾಸ ನಿಜವಾಗಿ ಶುರುವಾಯಿತು.

ಮಿರ್ಜಾನ ಕೋಟೆಗೆ ಈಗ ಎಲ್ಲರೂ ಹೋಗುತ್ತಾರೆ. ಮಳೆಗಾಲದಲ್ಲಿ ಹಸಿರಾದ ಗೋಡೆಗಳ ಫೋಟೊ ಎಲ್ಲರ ಫೋನಿನಲ್ಲೂ ಇದೆ. ನಾವು ಬೇಗ ಮುಗಿಸಿದೆವು. ಆದರೆ ಉತ್ಖನನ ಮಾಡಿದಾಗ ಇಲ್ಲಿ ಚೀನಾದ ಪಿಂಗಾಣಿಯ ಚೂರುಗಳು, 1652ರಲ್ಲಿ ಪೋರ್ಚುಗೀಸ್ ವೈಸರಾಯ್ ಟಂಕಿಸಿದ ಒಂದು ಚಿನ್ನದ ನಾಣ್ಯ ಸಿಕ್ಕಿದವು. ಲಿಸ್ಬನ್ ಕಡೆಯ ದುಡ್ಡು ಅಘನಾಶಿನಿ ದಡದವರೆಗೆ ಬಂದಿತ್ತು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಕಾರವಾರ ಮುಟ್ಟುವ ಮುಂಚೆ ಅರ್ಗಾ, ಬಿಣಗಾ ದಾಟಬೇಕು. ಎಡಕ್ಕೆ ಸಮುದ್ರ, ಆದರೆ ನಡುವೆ ನೌಕಾನೆಲೆಯ ಗೋಡೆ. ಆ ಗೋಡೆಯ ಆಚೆ ಅಂಜದೀವ. ಕಾರವಾರಕ್ಕೆ ಅಂಟಿಕೊಂಡಂತಿದ್ದರೂ ಲೆಕ್ಕದಲ್ಲಿ ಗೋವಾದ ನಡುಗಡ್ಡೆ. 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಈಗ ನೌಕಾನೆಲೆಯ ಒಳಗೆ ಸೇರಿದೆ, ನಮ್ಮಂಥವರಿಗೆ ಪ್ರವೇಶ ಇಲ್ಲ. 1498ರಲ್ಲಿ ಗಾಮ ಊರಿಗೆ ಮರಳುವ ಮುಂಚೆ ಹಡಗು ದುರಸ್ತಿಗೆ, ಕುಡಿಯುವ ನೀರಿಗೆ ನಿಂತದ್ದು ಅಲ್ಲಿಯೇ. ಆಗ ಅವನನ್ನು ಮಾತಾಡಿಸಲು ಒಬ್ಬ ಯಹೂದಿ ಬಂದ. ಮೂಲ ಪೋಲೆಂಡಿನವನು ಎನ್ನುತ್ತಾರೆ, ಇಲ್ಲಿನ ಒಬ್ಬ ದೊರೆಯ ಚಾಕರಿಯಲ್ಲಿದ್ದ. ಗೂಢಚಾರ ಅಂತ ಗಾಮ ಅವನನ್ನು ಹಿಡಿದು, ಹೊಡೆಸಿ, ಹಡಗಿಗೆ ಹಾಕಿಕೊಂಡು ಹೋದ. ಆಮೇಲೆ ಅವನು ಗಾಸ್ಪರ್ ಡ ಗಾಮ ಎಂಬ ಹೆಸರಿನಲ್ಲಿ ಲಿಸ್ಬನ್ನಿನಲ್ಲಿ ಬದುಕಿದ, ಮುಂದಿನ ಹಡಗುಗಳಿಗೆ ದುಭಾಷಿಯಾದ. ಕಾರವಾರದ ಕಡೆಯಿಂದ ಲಿಸ್ಬನ್ನಿಗೆ ಹೋಗಿ ಕೆಲಸಕ್ಕೆ ಸೇರಿದವರಲ್ಲಿ ನನಗಿಂತ ಬಹಳ ಸೀನಿಯರ್.

ಸಂಜೆಗೆ ಕಾಳಿ ಹೊಳೆ ದಾಟಿ ಸದಾಶಿವಗಡದ ಗುಡ್ಡ ಹತ್ತಿದೆವು. ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತಲ್ಲ, ಈಗ ಹೊಸದರ ಮೇಲೆಯೇ ಎಲ್ಲ ಓಡಾಟ. ಈ ಕೋಟೆ ಕಟ್ಟಿಸಿದ್ದು ಸೋಂದೆಯ ಅರಸರು. ಸೋಂದೆ ನಮ್ಮ ಸಿರಸಿಯ ಪಕ್ಕದ್ದೇ. ಅವರೂ ಮೆಣಸು ಬೆಳೆಯುವ ಸೀಮೆಯ ದೊರೆಗಳು. 1752ರಲ್ಲಿ ಈ ಕೋಟೆ ಪೋರ್ಚುಗೀಸರ ಪಾಲಾಯಿತು. ಮುಂದೆ ಹೈದರಾಲಿ ಸೋಂದೆಯ ಮೇಲೆ ಏರಿ ಬಂದಾಗ ಅದೇ ಅರಸು ಮನೆತನ ಓಡಿ ಹೋಗಿ ಆಶ್ರಯ ಪಡೆದದ್ದು ಗೋವಾದಲ್ಲಿ, ಅದೇ ಪೋರ್ಚುಗೀಸರ ಹತ್ತಿರ. ಬಾಂದಿವಡೆಯಲ್ಲಿ ನೆಲೆ ನಿಂತರು. ಇದನ್ನು ಹೇಳಿದಾಗ ಚಿಕ್ಕಪ್ಪ ಮೊದಲ ಸಲ ತಾನಾಗಿ ಪ್ರಶ್ನೆ ಕೇಳಿದ. ಆಗ ಮೆಣಸಿಗೆ ರೇಟು ಎಷ್ಟಿತ್ತಂತೆ?

ಭಟ್ಕಳ ಈ ಸಲ ಆಗಲಿಲ್ಲ. ಅಲ್ಲಿಯ ಖೇತಪೈ ನಾರಾಯಣ ದೇವಸ್ಥಾನ, ಚಂದ್ರನಾಥ ಬಸದಿ ನೋಡದೆ ಈ ಮೆಣಸಿನ ಕಥೆ ಪೂರ್ತಿ ಆಗುವುದಿಲ್ಲ. ಕಾಳಿಯ ದಡದ ಕಡವಾಡವೂ ಉಳಿಯಿತು. 1638ರಲ್ಲಿ ಇಂಗ್ಲಿಷರು ಈ ಕಡೆ ವ್ಯಾಪಾರದ ಕೋಠಿ ಹಾಕಿದ್ದು ಅಲ್ಲಿಯೇ. ಮುಂದಿನ ರಜೆಗೆ ಹೋಗೋಣ ಅಂದಿದ್ದಾನೆ ಚಿಕ್ಕಪ್ಪ. ಅಡಿಕೆ ಕೊನೆ ಕೊಯ್ಲು ಮುಗಿದ ಮೇಲೆ ಬರಬೇಕು, ಡೀಸೆಲ್ ನನ್ನದು ಅನ್ನುವ ಷರತ್ತಿನ ಮೇಲೆ.