ಚೌಕಾಬಾರದ ಕಲ್ಲು

ನಾವು ಕೋರಮಂಗಲದ ಈ ಮೂರು ಮಹಡಿಯ ಮನೆಗಳಿಗೆ ಬಂದದ್ದು 1986ರಲ್ಲಿ. ನಾನಾಗ ಐದನೆಯ ತರಗತಿ. ಎರಡು ಬ್ಲಾಕುಗಳ ನಡುವೆ ಒಂದು ಹೊಂಗೆ ಸಸಿ, ಪಕ್ಕದಲ್ಲಿ ಕಟ್ಟಡದ ಕೆಲಸ ಮುಗಿದ ಮೇಲೆ ಯಾರೂ ಎತ್ತದೆ ಉಳಿದ ಸಾದರಹಳ್ಳಿ ಚಪ್ಪಡಿ. ಅದರ ಮೇಲೆ ಮೊಂಡು ಉಳಿಯಿಂದ ಐದೈದು ಮನೆ ಕೊರೆದು, ನಾಲ್ಕು ಬದಿಗೊಂದು, ನಡುವೆ ಒಂದು ಕಟ್ಟೆ ಮಾಡಿ ಚೌಕಾಬಾರ ಆಡುತ್ತಿದ್ದೆವು. ಕೊರೆಯಲು ಬೇಸಿಗೆ ರಜೆ ಪೂರ್ತಿ ಹಿಡಿಯಿತು. ಕವಡೆ ಇಲ್ಲದವರು ಹುಣಸೆ ಬೀಜ ತೇಯ್ದು ತರುತ್ತಿದ್ದರು.

ಹೋದ ವರ್ಷ ಆ ಜಾಗಕ್ಕೆ ಅಭಿವೃದ್ಧಿ ಬಂತು. ಹೊಂಗೆಯ ಬುಡಕ್ಕೆ ಒತ್ತಿಕೊಂಡೇ ಇಂಟರ್‌ಲಾಕ್ ಇಟ್ಟಿಗೆ ಹಾಸಿದರು. ಮೊದಲ ಮಳೆಗೇ ನೀರು ಇಂಗಲು ದಾರಿಯಿಲ್ಲದೆ ನೆಲಮಹಡಿಯ ಹೊಸಿಲು ಮುಟ್ಟಿತು. ಬೆಂಚುಗಳೂ ಬಂದವು, ಒರಗಲು ಬೆನ್ನಿಲ್ಲ, ಏಳಲು ಹಿಡಿಯಿಲ್ಲ. ನಮ್ಮಲ್ಲಿ ಸಂಜೆ ಕೆಳಗಿಳಿಯುವವರಲ್ಲಿ ಅರ್ಧ ಜನ ಮಂಡಿನೋವಿನವರು!

ಉದ್ಯಾನ, ಆಟದ ಬಯಲು ಉಳಿಸಲು 1985ರ ಕಾಯ್ದೆಯಿದೆ. ರಾಜಮಹಲ್ ವಿಲಾಸ್ ಬಡಾವಣೆಯ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಸಲ್ಲದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಕಬಳಿಸಲು ಬಂದವರ ಮುಂದೆ ಇದನ್ನೆಲ್ಲ ಹಿಡಿಯಬಹುದು. ಚಂದ ಮಾಡಲು ಬಂದವರ ಮುಂದೆ ಏನು ಹಿಡಿಯುವುದು?

ಚಪ್ಪಡಿ ಕಾಣಲಿಲ್ಲ. ಮೇಸ್ತ್ರಿಯನ್ನು ಕೇಳಿದೆ.

"ಹಳೆಯ ಕಲ್ಲಲ್ಲವೇ ಮೇಡಂ, ಚರಂಡಿಗೆ ಮುಚ್ಚಿಸಿದೆ."

ಗೇಟಿನ ಬಳಿ ಆರು ಕಲ್ಲುಗಳು ಸಾಲಾಗಿದ್ದವು, ಎಲ್ಲವೂ ಒಂದೇ ಬಣ್ಣ. ಕುಕ್ಕರಗಾಲಲ್ಲಿ ಕೂತು ಸಂದಿಯಲ್ಲಿ ಬೆರಳು ತೂರಿಸಿ ಒಂದೊಂದರ ಅಡಿಯನ್ನು ತಡವಿದೆ. ಕೊಚ್ಚೆ, ಜೇಡರ ಬಲೆ. ನಾಲ್ಕನೆಯದರಲ್ಲಿ ಗೆರೆ ಸಿಕ್ಕಿತು. ಎದುರು ಮನೆಯ ಅಜ್ಜಿ, "ಚಿನ್ನ ಸಿಕ್ಕಿತೇನಮ್ಮ?" ಎಂದರು.

ಮುಂದಿನದು ಬೇಗ ಮುಗಿಯಿತು. ಮೇಸ್ತ್ರಿ ಒಳ್ಳೆಯವನು, ಚರಂಡಿಗೆ ಬೇರೆ ಕಲ್ಲು ಕೊಟ್ಟ. ಹೊಂಗೆಯ ಸುತ್ತ ಎರಡು ಸಾಲು ಇಟ್ಟಿಗೆ ಕೀಳಿಸಿ ಮಣ್ಣು ಬಿಡಿಸಿದೆವು. ಕಿತ್ತ ಇಟ್ಟಿಗೆಯಿಂದಲೇ ಎರಡು ಮೋಟುಗೋಡೆ ಎಬ್ಬಿಸಿ, ಕೂತು ಏಳಲು ಅನುಕೂಲವಾಗುವಷ್ಟು ಎತ್ತರಕ್ಕೆ ಚಪ್ಪಡಿ ಕೂರಿಸಿದೆವು. ನಾಲ್ಕು ಆಳು, ಎರಡು ಹಾರೆ, ಒಂದು ಸುತ್ತು ಚಹಾ.

ಹಾರೆ ಕೊಟ್ಟ ಕಡೆ ಅಂಚು ಚಕ್ಕೆಯೆದ್ದು ಒಂದು ಕಟ್ಟೆ ಅರ್ಧ ಹೋಗಿದೆ. ಈಗ ಆ ಬದಿಗೆ ಯಾರು ಕೂರಬೇಕೆಂದು ದಿನವೂ ಜಗಳ.